ಲೆಕ್ಕಕ್ಕೆ ಸಿಕ್ಕ ಸೈನ್ಯ

1775ರ ಜುಲೈ ಮೊದಲ ವಾರ ಬಾಸ್ಟನ್ ಪಕ್ಕದ ಕೇಂಬ್ರಿಜ್ ಊರಿಗೆ ದಂಡನಾಯಕನಾಗಿ ಬಂದಿಳಿದ ಜಾರ್ಜ್ ವಾಷಿಂಗ್ಟನ್ ಒಂದು ಸರಳ ಪ್ರಶ್ನೆ ಕೇಳಿದ. ನಮ್ಮ ಸೈನ್ಯದಲ್ಲಿ ಜನ ಎಷ್ಟಿದ್ದಾರೆ? ಉತ್ತರ ಯಾರಿಗೂ ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷರೊಂದಿಗಿನ ಯುದ್ಧದ ಮೊದಲ ಗುಂಡು ಹಾರಿದಾಗ ನೇಗಿಲು ಬಿಟ್ಟು ಬಂದೂಕು ಹಿಡಿದು ಬಂದ ರೈತರು, ಬಡಗಿಗಳು, ಮೀನುಗಾರರು ಊರ ಸುತ್ತ ಬೀಡು ಬಿಟ್ಟಿದ್ದರು. ಯಾರು ಬಂದರು, ಯಾರು ಸುಗ್ಗಿಗೆಂದು ಊರಿಗೆ ಹೋದರು, ಯಾರು ಕಾಯಿಲೆ ಬಿದ್ದರು ಎಂದು ಬರೆದಿಟ್ಟವರಿರಲಿಲ್ಲ. ಕೆಲವೇ ಗಂಟೆಗಳ ಕೆಲಸ ಎಂದು ದಂಡನಾಯಕ ಅಂದುಕೊಂಡಿದ್ದ ಜನಗಣತಿಗೆ ವಾರ ಹಿಡಿಯಿತು. ಇಪ್ಪತ್ತು ಸಾವಿರ ಜನ ಇದ್ದಾರೆಂದು ಹೇಳಿಕೊಳ್ಳುತ್ತಿದ್ದ ಸೈನ್ಯ ಎಣಿಸಿ ನೋಡಿದಾಗ ಅದಕ್ಕಿಂತ ಎಷ್ಟೋ ಕಡಿಮೆಯಿತ್ತು.

ಮದ್ದಿನ ಲೆಕ್ಕ ಇದಕ್ಕಿಂತ ಭಯಂಕರವಾಗಿತ್ತು. ಉಗ್ರಾಣದಲ್ಲಿ 308 ಪೀಪಾಯಿ ಕೋವಿಮದ್ದು ಇದೆ ಎಂದು ಅವನಿಗೆ ವರದಿ ಕೊಟ್ಟಿದ್ದರು. ಆಗಸ್ಟ್ ಆರಂಭದಲ್ಲಿ ನೋಡಿದರೆ ಮ್ಯಾಸಚೂಸೆಟ್ಸ್ ಉಗ್ರಾಣದಲ್ಲಿ ಇದ್ದದ್ದು 36 ಪೀಪಾಯಿ. ಅಕ್ಕಪಕ್ಕದ ಪ್ರಾಂತಗಳ ದಾಸ್ತಾನು ಸೇರಿಸಿದರೂ ಒಬ್ಬೊಬ್ಬ ಸಿಪಾಯಿಗೆ ಒಂಬತ್ತು ಸುತ್ತಿಗಿಂತ ಹೆಚ್ಚು ಬರುವಂತಿರಲಿಲ್ಲ. ಇದರಲ್ಲಿ ಕಳ್ಳತನವೇನೂ ಇರಲಿಲ್ಲ. ಮೊದಲಿನಿಂದ ಬಂದ ಮದ್ದನ್ನೆಲ್ಲ ಜಮೆ ಹಿಡಿದು, ಬಂಕರ್ ಹಿಲ್ ಕಾಳಗದಲ್ಲೂ ಬೇರೆ ಕಡೆಗಳಲ್ಲೂ ಖರ್ಚಾದದ್ದನ್ನು ಕಳೆಯದೆ ವರದಿ ಬರೆದಿದ್ದರು, ಅಷ್ಟೆ. ಜಮೆಯಿದ್ದು ಖರ್ಚಿಲ್ಲದ ಆ ವರದಿಯನ್ನು ನಂಬಿ ಒಂದು ಸೈನ್ಯ ಜಗತ್ತಿನ ಬಲಾಢ್ಯ ಸಾಮ್ರಾಜ್ಯದ ಎದುರು ನಿಂತಿತ್ತು. ಸುದ್ದಿ ಕೇಳಿದ ವಾಷಿಂಗ್ಟನ್ ಅರ್ಧ ಗಂಟೆ ಮಾತೇ ಆಡಲಿಲ್ಲ ಎಂದು ಜನರಲ್ ಜಾನ್ ಸಲಿವನ್ ಆ ದಿನಗಳ ಪತ್ರದಲ್ಲಿ ಬರೆದಿದ್ದಾನೆ.

ಅಮೆರಿಕದ ಕ್ರಾಂತಿಯ ಕಥೆ ಹೇಳುವವರು ಸಾಮಾನ್ಯವಾಗಿ ಕಾಳಗಗಳಿಂದ ಕಾಳಗಗಳಿಗೆ ಜಿಗಿಯುತ್ತಾರೆ. ಆದರೆ ಎಂಟು ವರ್ಷಗಳ ಆ ಯುದ್ಧದಲ್ಲಿ ಕಾಳಗ ನಡೆದ ದಿನಗಳು ಬಹಳ ಕಡಿಮೆ. ಉಳಿದ ದಿನಗಳಲ್ಲಿ ಸೈನ್ಯ ಎದ್ದಿತು, ಹಾಜರಿ ಕೊಟ್ಟಿತು, ಪಡಿ ಬೇಯಿಸಿಕೊಂಡಿತು, ಪಹರೆ ನಿಂತಿತು, ಬೈಸಿಕೊಂಡಿತು, ಏಟು ತಿಂದಿತು, ಮಲಗಿತು. ಗೆಲುವಿನ ಬೇರು ಇರುವುದು ಆ ದಿನಗಳಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ರಾಜನ ಅಪ್ಪಣೆ ಮೀರಿ ಎದ್ದ ಜನರನ್ನು ಇನ್ನೊಬ್ಬರ ಅಪ್ಪಣೆಗೆ ಒಗ್ಗಿಸುವುದು ಹೇಗೆ? ಆ ಸೈನ್ಯ ದಿನವೂ ಬಿಡಿಸಬೇಕಾಗಿದ್ದ ಒಗಟು ಇದು.

ಆ ಜನರ ಸ್ವಭಾವವನ್ನು ಮೊದಲು ತಿಳಿಯಬೇಕು. ನ್ಯೂ ಇಂಗ್ಲೆಂಡ್ ಕಡೆಯ ಪಡೆಗಳಲ್ಲಿ ಸಿಪಾಯಿಗಳೇ ತಮ್ಮ ಅಧಿಕಾರಿಗಳನ್ನು ಆರಿಸಿಕೊಳ್ಳುವ ಪದ್ಧತಿ ಇತ್ತು. ಕ್ಯಾಪ್ಟನ್ ಎಂದರೆ ಊರಿನ ಪರಿಚಯದವನೇ, ನಾಳೆ ಮತ್ತೆ ಅದೇ ಊರಿನಲ್ಲಿ ಎದುರುಬದುರು ಬದುಕಬೇಕಾದವನು. ಕನೆಕ್ಟಿಕಟ್ ಪ್ರಾಂತದ ಒಬ್ಬ ಕುದುರೆ ಪಡೆಯ ಕ್ಯಾಪ್ಟನ್ ಬಯಲಲ್ಲಿ ಕೂತು ತನ್ನದೇ ಸಿಪಾಯಿಗೆ ಕ್ಷೌರ ಮಾಡುತ್ತಿದ್ದುದನ್ನು ಜೋಸೆಫ್ ರೀಡ್ ಎಂಬ ಹಿರಿಯ ಅಧಿಕಾರಿ ಕಂಡು ಬೆರಗಾಗಿ ಮನೆಗೆ ಪತ್ರ ಬರೆದ. ರೀಡ್‌ಗೆ ಅದು ಅಶಿಸ್ತು. ಆ ಕ್ಯಾಪ್ಟನ್‌ಗೆ ಬಹುಶಃ ನೆರೆಯವನಿಗೆ ಮಾಡುವ ಸಾಧಾರಣ ಉಪಕಾರ. ವರ್ಜೀನಿಯದ ದೊಡ್ಡ ಜಮೀನುದಾರನಾಗಿದ್ದ ವಾಷಿಂಗ್ಟನ್‌ಗೂ ಈ ಸಮಾನತೆ ಹಿಡಿಸಲಿಲ್ಲ. ಹಿಡಿಸದೆ ಇದ್ದರೂ ಸೈನ್ಯ ಕಟ್ಟಬೇಕಾಗಿದ್ದದ್ದು ಇಂಥವರಿಂದಲೇ.

ಜುಲೈ 4ರಂದು ಹೊರಬಿದ್ದ ದಿನದ ಹುಕುಮು ಓದಿದರೆ ಅವನ ಕೈ ಎಲ್ಲೆಲ್ಲಿ ಹೋಯಿತೆಂದು ಗೊತ್ತಾಗುತ್ತದೆ. ಬೇರೆ ಬೇರೆ ವಸಾಹತುಗಳ ಪಡೆಗಳು ಇನ್ನು ಮುಂದೆ ಒಂದೇ ಸೈನ್ಯ ಎಂದು ಸಾರಿದ ಹುಕುಮಿನಲ್ಲೇ ಸರಿಯಾದ ತಖ್ತೆ ಕೊಡಬೇಕು, ಕುಡಿಯಬಾರದು, ಆಣೆ ಹಾಕಿ ಬೈಯಬಾರದು, ಪ್ರಾರ್ಥನೆಗೆ ತಪ್ಪದೆ ಬರಬೇಕು ಎಂಬ ಮಾತುಗಳಿವೆ. ಅಧಿಕಾರಿಗಳು ಸಿಪಾಯಿಗಳ ಬಿಡಾರಗಳಿಗೆ ಆಗಾಗ ಹೋಗಿ ಅವರು ಚೊಕ್ಕಟವಾಗಿದ್ದಾರೆಯೇ, ಮಲಗಲು ಹುಲ್ಲು ಇದೆಯೇ ಎಂದು ನೋಡಬೇಕಿತ್ತು. ಶೌಚದ ಗುಂಡಿಗಳನ್ನು ಮುಚ್ಚಿ ಹೊಸದು ತೋಡುವ ವಿಷಯ ಆ ಬೇಸಿಗೆಯ ಹುಕುಮುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆಗಸ್ಟ್ 22ರ ಹುಕುಮಂತೂ ಕೇಂಬ್ರಿಜ್ ಸೇತುವೆಯ ಬಳಿ ಈಜುವುದನ್ನು ನಿಲ್ಲಿಸಿತು. ಸಿಪಾಯಿಗಳು ಬೆತ್ತಲೆಯಾಗಿ ಸೇತುವೆಯ ಮೇಲೆಲ್ಲ ಓಡಾಡುತ್ತಿದ್ದರು, ಮರ್ಯಾದಸ್ಥ ಮನೆಯ ಹೆಂಗಸರು ಅದೇ ದಾರಿಯಲ್ಲಿ ಹೋಗಬೇಕಾಗಿತ್ತು. ದಂಡನಾಯಕನೊಬ್ಬ ಇಂಥದ್ದಕ್ಕೂ ಕೈ ಹಾಕಬೇಕೆ ಎನ್ನಿಸಬಹುದು. ಆದರೆ ಆ ಕಾಲದ ಸೈನ್ಯಗಳಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಭೇದಿ, ಜ್ವರ ಮತ್ತು ಸಿಡುಬು. ಗುಂಡಿ ಮುಚ್ಚಿಸುವುದೂ ಯುದ್ಧದ ಕೆಲಸವೇ ಆಗಿತ್ತು. ಸಿಡುಬಿನ ವಿಷಯದಲ್ಲಿ ಅವನು ಇನ್ನೂ ಮುಂದೆ ಹೋಗಿ 1777ರ ಆರಂಭದಲ್ಲಿ ಇಡೀ ಸೈನ್ಯಕ್ಕೆ ಸಿಡುಬು ಹಾಕಿಸುವ ತೀರ್ಮಾನ ಮಾಡಿದ. ರೋಗದ ಕೀವನ್ನೇ ಚರ್ಮಕ್ಕೆ ಗೀರಿ ಹಾಕುವ ಆಗಿನ ಪದ್ಧತಿಯಲ್ಲಿ ಅಪಾಯವಿತ್ತು, ಗೊತ್ತಿದ್ದೇ ಮಾಡಿದ. ಅವನ ಅತ್ಯುತ್ತಮ ನಿರ್ಧಾರಗಳಲ್ಲಿ ಇದೂ ಒಂದು.

ಸಮವಸ್ತ್ರ ಇರಲಿಲ್ಲ. ಜನರಲ್ ಯಾರು, ಸಾರ್ಜೆಂಟ್ ಯಾರು ಎಂದು ಪಹರೆಯವನಿಗೆ ತಿಳಿಯುವಂತಿರಲಿಲ್ಲ. ಅದಕ್ಕೆ ಬಣ್ಣದ ಪಟ್ಟಿಗಳು ಬಂದವು. ದಂಡನಾಯಕನ ಎದೆಗೆ ತಿಳಿನೀಲಿ ರಿಬ್ಬನ್, ಕ್ಯಾಪ್ಟನ್‌ಗಳ ಟೋಪಿಗೆ ಹಳದಿ, ಕಿರಿಯ ಅಧಿಕಾರಿಗಳಿಗೆ ಹಸಿರು. ಸಾರ್ಜೆಂಟನ ಬಲ ಭುಜಕ್ಕೆ ಕೆಂಪು ಬಟ್ಟೆಯ ತುಂಡು, ಕಾರ್ಪೊರಲ್‌ಗೆ ಹಸಿರು. ಒಂದು ಮೊಳ ಬಟ್ಟೆಯಲ್ಲಿ ಅಧಿಕಾರದ ಶ್ರೇಣಿ ಸಿದ್ಧವಾಯಿತು.

ಇದನ್ನೆಲ್ಲ ಹಿಡಿದು ನಿಲ್ಲಿಸಿದ್ದು ಒಂದು ಪುಸ್ತಕ. ಅದಕ್ಕೆ ಆರ್ಡರ್ಲಿ ಬುಕ್ ಎನ್ನುತ್ತಿದ್ದರು, ದಿನದ ಹುಕುಮು ಬರೆದಿಡುವ ಪುಸ್ತಕ. ಪ್ರತಿ ದಿನ ಗೊತ್ತಾದ ಹೊತ್ತಿಗೆ ಪ್ರತಿ ಬ್ರಿಗೇಡಿನ ಮೇಜರ್ ದಂಡನಾಯಕನ ಬಿಡಾರಕ್ಕೆ ಬರುತ್ತಿದ್ದ. ಅಡ್ಜುಟೆಂಟ್ ಜನರಲ್ ಹುಕುಮು ಓದಿ ಹೇಳಿದಂತೆ ಬರೆದುಕೊಳ್ಳುತ್ತಿದ್ದ. ಅವನು ವಾಪಸು ಹೋಗಿ ತನ್ನ ರೆಜಿಮೆಂಟುಗಳ ಅಡ್ಜುಟೆಂಟರಿಗೆ ಓದುತ್ತಿದ್ದ, ಅವರು ತಮ್ಮ ಪುಸ್ತಕಗಳಲ್ಲಿ ಬರೆದುಕೊಳ್ಳುತ್ತಿದ್ದರು. ಅವರಿಂದ ಕಂಪನಿಗಳ ಸಾರ್ಜೆಂಟರಿಗೆ. ಕೊನೆಗೆ ಸಂಜೆಯ ಹಾಜರಿಯಲ್ಲಿ ಸಾಲಾಗಿ ನಿಂತ ಸಿಪಾಯಿಗಳಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಓದು ಬಾರದ ಸಿಪಾಯಿಗೂ ಕಿವಿ ಇತ್ತು. ನನಗೆ ಹುಕುಮು ಗೊತ್ತಿರಲಿಲ್ಲ ಎನ್ನಲು ಯಾರಿಗೂ ಆಸ್ಪದ ಇರಲಿಲ್ಲ.

ಹುಕುಮಿನ ಮೊದಲ ಸಾಲಿನಲ್ಲಿ ಆ ದಿನದ ಗುಟ್ಟಿನ ಮಾತುಗಳು ಇರುತ್ತಿದ್ದವು, ಕತ್ತಲಲ್ಲಿ ಪಹರೆಯವನು ತಡೆದಾಗ ಹೇಳಬೇಕಾದ ಪದಗಳು. 1775ರ ಜುಲೈ 4ರ ಜೋಡಿ ಅಬಿಂಗ್ಟನ್, ಬೆಡ್‌ಫರ್ಡ್ ಎಂಬ ಎರಡು ಊರ ಹೆಸರು. ಅದರ ಕೆಳಗೆ ನಾಳೆಯ ಪಹರೆಗೆ ಯಾವ ರೆಜಿಮೆಂಟಿನಿಂದ ಎಷ್ಟು ಜನ, ಸೌದೆ ಕಡಿಯಲು ಯಾರು, ಯಾರ ವಿಚಾರಣೆ ನಡೆಯಿತು, ಏನು ಶಿಕ್ಷೆ ಆಯಿತು. ಕಳೆದುಹೋದ ಗಡಿಯಾರದ, ಸಿಕ್ಕಿದ ಕುದುರೆಯ ಸುದ್ದಿಯೂ ಅದರಲ್ಲೇ ಬರುತ್ತಿತ್ತು. ಸೈನ್ಯದ ಕಾನೂನು, ಪತ್ರಿಕೆ, ಪಂಚಾಯಿತಿ ಎಲ್ಲವೂ ಒಂದೇ ಪುಸ್ತಕದಲ್ಲಿ. ಹೇಳಿದ್ದನ್ನು ಕೇಳಿ ಬರೆದದ್ದರಿಂದ ಒಂದೇ ಹುಕುಮು ಒಬ್ಬೊಬ್ಬ ಅಡ್ಜುಟೆಂಟನ ಕೈಯಲ್ಲಿ ಒಂದೊಂದು ಕಾಗುಣಿತ ಪಡೆಯುತ್ತಿತ್ತು.

ಶಿಕ್ಷೆಯ ಮಾತಿಗೆ ಬರೋಣ. 1775ರ ಜೂನ್ 30ರಂದು ವಸಾಹತುಗಳ ಪ್ರತಿನಿಧಿಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ ಒಪ್ಪಿದ ಸೇನಾ ಕಾನೂನು ಚಾಟಿಯೇಟಿಗೆ 39ರ ಮಿತಿ ಹಾಕಿತು. ಆ ಸಂಖ್ಯೆ ಬಂದದ್ದು ಬೈಬಲ್ಲಿನಿಂದ. ನಲವತ್ತಕ್ಕೆ ಮೀರಬಾರದು ಎಂಬ ಮೋಶೆಯ ಕಟ್ಟಳೆಗೆ ಒಂದು ಕಡಿಮೆ ಹೊಡೆಯುವುದು ಹಳೆಯ ರೂಢಿ. ಬ್ರಿಟಿಷ್ ಸೈನ್ಯದಲ್ಲಿ ನೂರಾರು ಏಟುಗಳು ಬೀಳುತ್ತಿದ್ದ ಕಾಲದಲ್ಲಿ ಈ ಮಿತಿ ನಿಜವಾಗಿಯೂ ಬೇರೆ ಬಗೆಯ ಯೋಚನೆ. ಆದರೆ ಬಹಳ ದಿನ ಉಳಿಯಲಿಲ್ಲ. 1776ರಲ್ಲಿ ಲಾಂಗ್ ಐಲೆಂಡಿನ ಸೋಲಾಗಿ, ಸಿಪಾಯಿಗಳು ಗುಂಪುಗುಂಪಾಗಿ ಮನೆಗೆ ಹೊರಟಾಗ, ಸೆಪ್ಟೆಂಬರ್ 20ರಂದು ಕಾಂಗ್ರೆಸ್ ಬ್ರಿಟಿಷರ ಕಾನೂನನ್ನೇ ಮುಂದಿಟ್ಟುಕೊಂಡು ಹೊಸದೊಂದು ಮಾಡಿತು. ಮಿತಿ 100 ಏಟಿಗೆ ಏರಿತು, ಮರಣದಂಡನೆಯ ಅಪರಾಧಗಳು ಹೆಚ್ಚಿದವು. ವಾಷಿಂಗ್ಟನ್‌ಗೆ ಅದೂ ಸಾಲಲಿಲ್ಲ. 1781ರಲ್ಲಿ 500ಕ್ಕೆ ಏರಿಸಿ ಎಂದು ಕೇಳಿದ. ಕಾಂಗ್ರೆಸ್ ಒಪ್ಪಲಿಲ್ಲ, ಒಪ್ಪದೆ ಇದ್ದದ್ದು ಅದಕ್ಕೆ ಗೌರವ ತರುವ ಸಂಗತಿ.

ಏಟು ಹೊಡೆಯುವ ಕೆಲಸ ಡ್ರಮ್ ಬಾರಿಸುವವರದು. ಬೆಳಗಿನ ಅಥವಾ ಸಂಜೆಯ ಹಾಜರಿಗೆ ರೆಜಿಮೆಂಟು ಸೇರಿದಾಗ ಎಲ್ಲರ ಎದುರು ಅಪರಾಧಿಯ ಅಂಗಿ ಬಿಚ್ಚಿಸಿ ಕಟ್ಟುತ್ತಿದ್ದರು. ಕೆಲವೊಮ್ಮೆ ನೂರು ಏಟನ್ನು ಮೂರು ನಾಲ್ಕು ದಿನಕ್ಕೆ ಹಂಚುತ್ತಿದ್ದರು. ಹಿಂದಿನ ದಿನದ ಗಾಯ ಹೆಪ್ಪುಗಟ್ಟಿದ ಮೇಲೆ ಬೀಳುವ ಏಟಿನ ಉರಿ ಇನ್ನೂ ಹೆಚ್ಚು. ಸೈನ್ಯದ ವೈದ್ಯ ಜೇಮ್ಸ್ ಥ್ಯಾಚರ್ ತನ್ನ ದಿನಚರಿಯಲ್ಲಿ ಇದನ್ನೆಲ್ಲ ಬರೆದಿಟ್ಟ. ಸಿಪಾಯಿಗಳು ಸೀಸದ ಗುಂಡೊಂದನ್ನು ಹಲ್ಲಿನ ನಡುವೆ ಇಟ್ಟು ಅಗಿಯುತ್ತ ಏಟು ತಿನ್ನುತ್ತಿದ್ದರಂತೆ, ಮುಗಿಯುವ ಹೊತ್ತಿಗೆ ಗುಂಡು ಚಪ್ಪಟೆಯಾಗಿರುತ್ತಿತ್ತು. ಚಾಟಿಯ ಭಯವೇ ಈ ಸೈನ್ಯವನ್ನು ಶಿಸ್ತಿಗೆ ತಂದಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಏಟಿನ ಮಿತಿ ಏರಿದ ಮೇಲೂ ಓಡಿಹೋಗುವವರು ಓಡಿಹೋಗುತ್ತಲೇ ಇದ್ದರು. ಶಿಸ್ತು ಬಂದದ್ದು ಬೇರೆ ದಾರಿಯಿಂದ.

ಆ ದಾರಿ ತೆರೆಯುವ ಮುಂಚೆ ಹಸಿವು ಬಂತು. ಕಾಂಗ್ರೆಸ್ 1775ರ ನವೆಂಬರ್‌ನಲ್ಲಿ ಗೊತ್ತುಮಾಡಿದ ಪಡಿ ಕಾಗದದಲ್ಲಿ ಧಾರಾಳವಾಗಿತ್ತು. ದಿನಕ್ಕೆ ಒಂದು ಪೌಂಡ್ ದನದ ಮಾಂಸ ಅಥವಾ ಮುಕ್ಕಾಲು ಪೌಂಡ್ ಹಂದಿ ಮಾಂಸ ಅಥವಾ ಒಂದು ಪೌಂಡ್ ಉಪ್ಪುಮೀನು, ಒಂದು ಪೌಂಡ್ ರೊಟ್ಟಿ ಅಥವಾ ಹಿಟ್ಟು, ಒಂದು ಪೈಂಟ್ ಹಾಲು. ವಾರಕ್ಕೆ ಮೂರು ಪೈಂಟ್ ಬಟಾಣಿ ಅಥವಾ ಅವರೆ, ಅಷ್ಟಿಷ್ಟು ಅಕ್ಕಿ ಇಲ್ಲವೇ ಜೋಳದ ಹಿಟ್ಟು. ಕುಡಿಯಲು ಬಿಯರ್ ಅಥವಾ ಸೇಬಿನ ಮದ್ಯ. ನೂರು ಜನಕ್ಕೆ ವಾರಕ್ಕೆ ಮೂರು ಪೌಂಡ್ ಮೇಣದ ಬತ್ತಿ. ಸಂಬಳ ತಿಂಗಳಿಗೆ ಆರು ಡಾಲರ್ ಅರವತ್ತೇಳು ಸೆಂಟಿನಷ್ಟು. 1777ರ ಕೊನೆಯಲ್ಲಿ ಕಾಂಗ್ರೆಸ್ ಒಂದು ಕೃತಜ್ಞತಾ ದಿನ ಘೋಷಿಸಿತು. ಕನೆಕ್ಟಿಕಟ್‌ನ ಹದಿಹರೆಯದ ಸಿಪಾಯಿ ಜೋಸೆಫ್ ಪ್ಲಂಬ್ ಮಾರ್ಟಿನ್‌ಗೆ ಆ ಹಬ್ಬದೂಟವಾಗಿ ಸಿಕ್ಕಿದ್ದು ಒಂದು ಹಿಡಿಗಿಂತ ಹೆಚ್ಚಿಲ್ಲದ ಅಕ್ಕಿ, ಒಂದು ಚಮಚ ವಿನೆಗರ್.

ಅಲ್ಲಿಂದ ನೇರ ಹೋದದ್ದು ವ್ಯಾಲಿ ಫೋರ್ಜ್‌ಗೆ. ಫಿಲಡೆಲ್ಫಿಯಾ ಬ್ರಿಟಿಷರ ಕೈಯಲ್ಲಿತ್ತು. ಅದರ ವಾಯವ್ಯಕ್ಕೆ ಸುಮಾರು ಇಪ್ಪತ್ತು ಮೈಲಿ ದೂರದ ಗುಡ್ಡದ ಮೇಲೆ ಡಿಸೆಂಬರ್ 19ರಂದು ಹನ್ನೊಂದು ಹನ್ನೆರಡು ಸಾವಿರ ಜನ ಬಂದು ನಿಂತರು. ಗುಡಿಸಲು ಕಟ್ಟುವ ಹುಕುಮಿನಲ್ಲಿ ಅಳತೆಗಳೆಲ್ಲ ಇವೆ. ಹನ್ನೆರಡು ಜನಕ್ಕೆ ಒಂದು ಗುಡಿಸಲು, ಹದಿನಾಲ್ಕಕ್ಕೆ ಹದಿನಾರು ಅಡಿ, ಗೋಡೆ ಆರೂವರೆ ಅಡಿ, ಮರದ ದಿಮ್ಮಿಗಳ ಸಂದಿಗೆ ಜೇಡಿಮಣ್ಣು, ಒಲೆಯ ಗೂಡಿನ ಒಳಮೈಗೆ ಹದಿನೆಂಟು ಅಂಗುಲ ಮಣ್ಣಿನ ಪದರ. ಪ್ರತಿ ರೆಜಿಮೆಂಟಿನಲ್ಲಿ ಎಲ್ಲರಿಗಿಂತ ಬೇಗ, ಚೆನ್ನಾಗಿ ಕಟ್ಟಿದ ಗುಂಪಿಗೆ 12 ಡಾಲರ್ ಬಹುಮಾನ. ಗುಡಿಸಲು ಎದ್ದವು, ಊಟ ಬರಲಿಲ್ಲ. ಡಿಸೆಂಬರ್ 23ರಂದು ವಾಷಿಂಗ್ಟನ್ ಕಾಂಗ್ರೆಸ್ಸಿಗೆ ಬರೆದ ಪತ್ರದಲ್ಲಿ ಒಂದು ಸಂಖ್ಯೆ ಇದೆ. ಚಪ್ಪಲಿ ಬಟ್ಟೆ ಇಲ್ಲದ ಕಾರಣಕ್ಕೇ ಕೆಲಸಕ್ಕೆ ಬಾರದವರು 2,898. ಎರಡು ವರ್ಷದ ಹಿಂದೆ ತನ್ನಲ್ಲಿ ಎಷ್ಟು ಜನ ಇದ್ದಾರೆಂದು ಹೇಳಲಾರದೆ ಇದ್ದ ಸೈನ್ಯ ಈಗ ಬರಿಗಾಲಿನವರನ್ನು ಒಬ್ಬೊಬ್ಬರಾಗಿ ಎಣಿಸುತ್ತಿತ್ತು.

ಸುತ್ತಲ ಸೀಮೆಯಲ್ಲಿ ಬರ ಇರಲಿಲ್ಲ. ಕೆಟ್ಟದ್ದು ಆಡಳಿತ. 1777ರ ಬೇಸಿಗೆಯಲ್ಲಿ ಕಾಂಗ್ರೆಸ್ ಉಗ್ರಾಣದ ನಿಯಮಗಳನ್ನು ಬದಲಿಸಿತು. ಖರೀದಿದಾರರಿಗೆ ಕಮಿಷನ್ ಬೇಡ, ಸಂಬಳ ಸಾಕು, ಕೊಂಡ ಪ್ರತಿ ವಸ್ತುವಿಗೂ ಕಲಮುಗಟ್ಟಲೆ ಲೆಕ್ಕ ಬರೆಯಬೇಕು ಎಂದಿತು. ಅನುಭವಸ್ಥ ಜೋಸೆಫ್ ಟ್ರಂಬುಲ್ ರಾಜೀನಾಮೆ ಕೊಟ್ಟು ಹೋದ, ಅವನ ಜೊತೆಗೆ ಬಲ್ಲವರೂ ಹೋದರು. ಸಾಗಾಣಿಕೆಯ ಮುಖ್ಯಸ್ಥ ಥಾಮಸ್ ಮಿಫ್ಲಿನ್ ಬಿಟ್ಟ ಜಾಗಕ್ಕೆ ತಿಂಗಳುಗಟ್ಟಲೆ ಯಾರನ್ನೂ ಕೂರಿಸಲಿಲ್ಲ. ಗಾಡಿ ಇಲ್ಲ, ಗಾಡಿ ಹೊಡೆಯುವವರಿಲ್ಲ, ದಾರಿ ಕೆಸರು. ಲೆಕ್ಕ ಬೇಕು ನಿಜ, ಆದರೆ ಲೆಕ್ಕ ಬರೆಯುವವನು ಸಿಪಾಯಿಯ ಹೊಟ್ಟೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದಾರುಣ ಉದಾಹರಣೆ ಬೇಡ. ಆ ಬೀಡಿನ ಆರು ತಿಂಗಳಲ್ಲಿ ಸುಮಾರು ಎರಡು ಸಾವಿರ ಜನ ಸತ್ತರು, ಬಹುಪಾಲು ರೋಗದಿಂದ. ಮಾರ್ಚ್‌ನಲ್ಲಿ ಜನರಲ್ ನತಾನಿಯಲ್ ಗ್ರೀನ್ ಮನಸ್ಸಿಲ್ಲದೆಯೇ ಸಾಗಾಣಿಕೆಯ ಹೊಣೆ ಹೊತ್ತ. ಯುದ್ಧರಂಗ ಬಿಟ್ಟು ಗಾಡಿ ಎಣಿಸುವ ಕೆಲಸ ಅವನಿಗೆ ಬೇಕಿರಲಿಲ್ಲ. ಹೊತ್ತ ಮೇಲೆ ದಾರಿಗಳು ದುರಸ್ತಿಯಾದವು, ದಾಸ್ತಾನು ಮುಂಚೆಯೇ ದಾರಿಯುದ್ದಕ್ಕೂ ಕೂಡಿಬಿದ್ದಿತು.

ಅದಕ್ಕೂ ಮುಂಚೆ, ಫೆಬ್ರವರಿಯಲ್ಲಿ, ಪ್ರಷ್ಯದ ಹಳೆಯ ಅಧಿಕಾರಿ ಫ್ರೀಡ್ರಿಕ್ ಫಾನ್ ಸ್ಟೂಬೆನ್ ಬೀಡಿಗೆ ಬಂದ. ಇಂಗ್ಲಿಷ್ ಬಾರದು. ಫ್ರೆಂಚಿನಲ್ಲಿ ಹೇಳಿದ್ದನ್ನು ಹದಿನೇಳರ ಹುಡುಗ ಡುಪಾನ್ಸೋ ಮತ್ತು ಕ್ಯಾಪ್ಟನ್ ಬೆಂಜಮಿನ್ ವಾಕರ್ ಇಂಗ್ಲಿಷಿಗೆ ತರಬೇಕು. ನೂರು ಜನರ ಒಂದು ಮಾದರಿ ಕಂಪನಿ ಮಾಡಿಕೊಂಡು ತಾನೇ ಬಂದೂಕು ಹಿಡಿದು ಕವಾಯತು ತೋರಿಸಿದ. ಕವಾಯತು ಕಲಿಸುವುದು ಸಾರ್ಜೆಂಟನ ಕೆಲಸ, ಅಧಿಕಾರಿಯ ಮರ್ಯಾದೆಗೆ ತಕ್ಕದ್ದಲ್ಲ ಎಂಬ ಬ್ರಿಟಿಷ್ ಭಾವನೆ ಇಲ್ಲೂ ಇತ್ತು. ಒಬ್ಬ ಯೂರೋಪಿನ ಸರದಾರ ಕೆಸರಲ್ಲಿ ನಿಂತು ಸಿಪಾಯಿಯ ಹೆಗಲು ಸರಿಮಾಡುವುದನ್ನು ಕಂಡ ಮೇಲೆ ಆ ಭಾವನೆ ನಿಲ್ಲಲಿಲ್ಲ. ಕಲಿತ ನೂರು ಜನ ಉಳಿದವರಿಗೆ ಕಲಿಸಿದರು. ಹಳೆಯ ಸ್ನೇಹಿತನೊಬ್ಬನಿಗೆ ಬರೆದ ಪತ್ರದಲ್ಲಿ ಅವನು ಒಂದು ವಿಷಯ ಹೇಳುತ್ತಾನೆ. ಯೂರೋಪಿನಲ್ಲಿ ಸಿಪಾಯಿಗೆ ಇದನ್ನು ಮಾಡು ಎಂದರೆ ಸಾಕು, ಇಲ್ಲಿಯವನಿಗೆ ಏಕೆ ಮಾಡಬೇಕೆಂದು ಮೊದಲು ಹೇಳಬೇಕು, ಆಮೇಲೆ ಅವನು ಮಾಡುತ್ತಾನೆ. ಎಲ್ಲಕ್ಕಿಂತ ದೊಡ್ಡ ಪಾಠ ಅದೇ.

ಆ ಪಾಠ 1779ರಲ್ಲಿ ಅಚ್ಚಾಯಿತು. ಕಾಗದದ ಅಭಾವದ ಕಾಲ, ಸಿಕ್ಕ ನೀಲಿ ಕಾಗದವನ್ನೇ ರಟ್ಟಿಗೆ ಹೊದಿಸಿದ್ದರಿಂದ ಸಿಪಾಯಿಗಳು ಅದನ್ನು ನೀಲಿ ಪುಸ್ತಕ ಎಂದೇ ಕರೆದರು. ಬಂದೂಕು ತುಂಬುವ ಕ್ರಮ, ಸಾಲು ತಿರುಗಿಸುವ ಕ್ರಮ ಎಲ್ಲ ಅದರಲ್ಲಿದೆ. ನನ್ನ ಗಮನ ಸೆಳೆಯುವುದು ಅದರ ಕೊನೆಯ ಭಾಗ, ಒಬ್ಬೊಬ್ಬ ಅಧಿಕಾರಿಗೂ ಹೇಳಿದ ಬುದ್ಧಿಮಾತು. ಕ್ಯಾಪ್ಟನ್‌ನ ಮೊದಲ ಕೆಲಸ ತನ್ನ ಜನರ ಪ್ರೀತಿ ಗಳಿಸುವುದು. ಪ್ರತಿಯೊಬ್ಬನ ಹೆಸರು, ಗುಣ ಅವನಿಗೆ ತಿಳಿದಿರಬೇಕು. ದೂರು ಕೇಳಬೇಕು, ಕಾಯಿಲೆಯವರನ್ನು ಹೋಗಿ ನೋಡಬೇಕು. ಒಂದು ಪುಸ್ತಕ ಇಟ್ಟು ಪ್ರತಿ ಸಿಪಾಯಿಯ ಹೆಸರು, ಚಹರೆ, ಕಸುಬು, ಹುಟ್ಟಿದ ಊರು, ಯಾವಾಗ ಎಷ್ಟು ಕಾಲಕ್ಕೆ ಸೇರಿದ ಎಂಬುದನ್ನು ಬರೆಯಬೇಕು. ಚಾಟಿ ಮಾಡದೆ ಇದ್ದದ್ದನ್ನು ಈ ಪುಸ್ತಕ ಮಾಡಿತು. ಹಿಂದೆ ಪ್ರತಿ ದಂಡಯಾತ್ರೆಯಲ್ಲೂ ಐದರಿಂದ ಎಂಟು ಸಾವಿರ ಬಂದೂಕು ಕಳೆದುಹೋಗುತ್ತಿದ್ದವು, ತನ್ನ ತಪಾಸಣೆ ಶುರುವಾದ ಮೇಲಿನ ಒಂದು ಎಣಿಕೆಯಲ್ಲಿ ಕಡಿಮೆ ಬಿದ್ದದ್ದು ಮೂರು, ಅವುಗಳಿಗೂ ಲೆಕ್ಕ ಸಿಕ್ಕಿತು ಎಂದು ಸ್ಟೂಬೆನ್ ಮುಂದೆ ಹೇಳಿಕೊಂಡ. ಸ್ವಂತ ಕೆಲಸದ ಹೊಗಳಿಕೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಸುಧಾರಣೆಯಂತೂ ನಿಜ.

ದಿನದ ಲಯ ಡ್ರಮ್ಮಿನದು. ನಸುಕಿನಲ್ಲಿ ರೆವೆಲಿ, ಏಳುವ ಸೂಚನೆ, ಪಹರೆಯವರು ಬಂದವರನ್ನು ತಡೆದು ಕೇಳುವುದನ್ನು ನಿಲ್ಲಿಸುವ ಹೊತ್ತು. ಆಮೇಲೆ ಟ್ರೂಪ್, ಹಾಜರಿ ಮತ್ತು ಪಹರೆ ಬದಲಾವಣೆ. ಸೂರ್ಯ ಮುಳುಗುವಾಗ ರಿಟ್ರೀಟ್, ಮತ್ತೆ ಹಾಜರಿ, ಹುಕುಮಿನ ಓದು. ರಾತ್ರಿ ಟ್ಯಾಟೂ ಬಾರಿಸಿದರೆ ಬೆಳಗಿನವರೆಗೆ ಡೇರೆ ಬಿಟ್ಟು ಹೊರಬರುವಂತಿಲ್ಲ. ಬೀಡಿನಲ್ಲಿ ಸಿಪಾಯಿಗಳ ಹೆಂಡಂದಿರು, ಮಕ್ಕಳೂ ಇದ್ದರು. ಬಟ್ಟೆ ಒಗೆಯುವುದು, ರೋಗಿಗಳ ಆರೈಕೆ ಬಹುಪಾಲು ಆ ಹೆಂಗಸರ ಕೈಯಲ್ಲಿ. ಸಾಗುವಾಗ ಅವರು ಹೊರೆ ಎಂದು ದಂಡನಾಯಕ ಗೊಣಗಿದ್ದು ದಾಖಲೆಯಲ್ಲಿದೆ, ಅವರಿಲ್ಲದೆ ನಡೆಯುತ್ತಿರಲಿಲ್ಲ ಎಂಬುದೂ ನಿಜ. ಇನ್ನೊಂದು ತಖ್ತೆಯನ್ನೂ ಇಲ್ಲಿ ಹೇಳಬೇಕು. 1778ರ ಆಗಸ್ಟ್ 24ರಂದು ಅಡ್ಜುಟೆಂಟ್ ಜನರಲ್ ಅಲೆಕ್ಸಾಂಡರ್ ಸ್ಕ್ಯಾಮೆಲ್ ಸೈನ್ಯದಲ್ಲಿದ್ದ ಕಪ್ಪು ಜನರನ್ನು ಬೇರೆಯಾಗಿ ಎಣಿಸಿ 755 ಎಂದು ಬರೆದ. 1775ರಲ್ಲಿ ಅವರನ್ನು ಸೇರಿಸಬಾರದೆಂದು ಹುಕುಮು ಮಾಡಿ, ವರ್ಷ ಮುಗಿಯುವುದರೊಳಗೆ ಅದನ್ನು ಸಡಿಲಿಸಿದ ಸೈನ್ಯ ಇದು. ಅದೇ ಬೀಡಿನಲ್ಲಿ ಮಲಗಿ, ಅದೇ ಗುಂಡಿಗೆ ಎದೆಕೊಟ್ಟವರಿಗೆ ತಖ್ತೆಯಲ್ಲಿ ಮಾತ್ರ ಬೇರೆ ಕಾಲಮು. ಸ್ವಾತಂತ್ರ್ಯದ ಹೆಸರಿನ ಯುದ್ಧದ ಮೇಲಿರುವ ಕಳಂಕ ಇದು.

1779–80ರ ಚಳಿಗಾಲ ಮಾರಿಸ್‌ಟೌನ್‌ನಲ್ಲಿ ಕಳೆಯಿತು. ವ್ಯಾಲಿ ಫೋರ್ಜ್‌ಗಿಂತ ಕೆಟ್ಟದ್ದು ಅದು. ಹಿಮ ಬಿದ್ದದ್ದು ಇಪ್ಪತ್ತೆಂಟು ಸಲ, ನ್ಯೂಯಾರ್ಕ್ ಬಂದರು ಹೆಪ್ಪುಗಟ್ಟಿತು. ಕಾಂಗ್ರೆಸ್ಸಿನ ನೋಟು ಬೆಲೆ ಕಳೆದುಕೊಂಡು, 1780ರ ಮಾರ್ಚ್‌ನಲ್ಲಿ ನಲವತ್ತಕ್ಕೆ ಒಂದರಂತೆ ಇಳಿಯಿತು. ಬಟವಾಡೆಯೇ ತಿಂಗಳುಗಟ್ಟಲೆ ಇಲ್ಲ, ಬಂದರೂ ಕೊಳ್ಳಲು ಏನೂ ಇಲ್ಲ. ಆ ಮೇ ತಿಂಗಳಲ್ಲಿ ನಡೆದ ಒಂದು ಗಲ್ಲಿನ ಘಟನೆಯನ್ನು ಥ್ಯಾಚರ್ ಬರೆದಿದ್ದಾನೆ. ಹನ್ನೊಂದು ಜನರಿಗೆ ಮರಣದಂಡನೆ ಆಗಿತ್ತು. ಸ್ಥಳಕ್ಕೆ ಕರೆತಂದ ಮೇಲೆ ಒಬ್ಬನನ್ನು ಬಿಟ್ಟು ಉಳಿದವರಿಗೆ ಕ್ಷಮೆ ಓದಿದರು. ಉಳಿದ ಆ ಒಬ್ಬ ಕಳ್ಳನಲ್ಲ, ಕೊಲೆಗಾರನಲ್ಲ. ಬಿಡುಗಡೆ ಚೀಟಿಗಳನ್ನು ನಕಲು ಮಾಡಿ ನೂರಕ್ಕೂ ಹೆಚ್ಚು ಸಿಪಾಯಿಗಳನ್ನು ಮನೆಗೆ ಕಳಿಸಿದ್ದ. ಹಗ್ಗ ನೋಡಿ, ಗಂಟು ಸರಿಯಿಲ್ಲ, ನಾನು ಭಾರದ ಆಳು, ಇದು ತಡೆಯುವುದಿಲ್ಲ ಎಂದು ಅವನೇ ಹೇಳಿದ. ಗಂಟನ್ನು ತಾನೇ ಸರಿಪಡಿಸಿ ಕೊರಳಿಗೆ ಹಾಕಿಕೊಂಡ. ಹಗ್ಗ ತುಂಡಾಗಿ ಕೆಳಗೆ ಬಿದ್ದು ಜಜ್ಜಿಹೋದ. ಎದ್ದು ಮತ್ತೆ ಏಣಿ ಹತ್ತಿ, ಹೇಳಿರಲಿಲ್ಲವೇ, ಗಟ್ಟಿ ಹಗ್ಗ ತನ್ನಿ ಎಂದ. ತಂದರು.

ಕಾಗದದ ಮೇಲೆ ನಿಂತ ಸೈನ್ಯಕ್ಕೆ ಖೋಟಾ ಕಾಗದಕ್ಕಿಂತ ದೊಡ್ಡ ಅಪರಾಧ ಇರಲಿಲ್ಲ. ಆದರೆ ಸರ್ಕಾರದ ಕಾಗದವಾದರೂ ಸರಿಯಾಗಿತ್ತೇ? 1781ರ ಜನವರಿ 1ರಂದು ಪೆನ್ಸಿಲ್ವೇನಿಯ ಪಡೆ ದಂಗೆ ಎದ್ದದ್ದು ಮುಖ್ಯವಾಗಿ ಸೇರ್ಪಡೆ ಪತ್ರದ ಒಂದು ಮಾತಿನ ಮೇಲೆ. ಮೂರು ವರ್ಷ ಅಥವಾ ಯುದ್ಧ ಇರುವವರೆಗೆ ಎಂದು ಅದರಲ್ಲಿತ್ತು. ಯಾವುದು ಮೊದಲೋ ಅದು ಎಂದರು ಸಿಪಾಯಿಗಳು, ಯುದ್ಧ ಮುಗಿಯುವವರೆಗೆ ಎಂದರು ಅಧಿಕಾರಿಗಳು. ಸುಮಾರು ಒಂದೂವರೆ ಸಾವಿರ ಜನ ಅಧಿಕಾರಿಗಳನ್ನು ಬಿಟ್ಟು, ಸಾರ್ಜೆಂಟರ ಮಂಡಳಿ ಮಾಡಿಕೊಂಡು, ಕಲಿತ ಕವಾಯತಿನಂತೆಯೇ ಸಾಲುಗಟ್ಟಿ ಪ್ರಿನ್ಸ್‌ಟನ್‌ಗೆ ನಡೆದರು. ದಾರಿಯಲ್ಲಿ ಲೂಟಿ ಮಾಡಲಿಲ್ಲ. ಬಾಕಿ ಸಂಬಳ ನಾವು ಕೊಡುತ್ತೇವೆ, ನಮ್ಮ ಕಡೆ ಬನ್ನಿ ಎಂದು ಬ್ರಿಟಿಷರು ಕಳಿಸಿದ ಇಬ್ಬರನ್ನು ಹಿಡಿದು ಒಪ್ಪಿಸಿಬಿಟ್ಟರು, ಅವರಿಬ್ಬರಿಗೆ ಗಲ್ಲಾಯಿತು. ಸಂಧಾನಕ್ಕೆ ಬಂದವನು, ಹಿಂದೆ ಕ್ಷೌರದ ಕ್ಯಾಪ್ಟನ್‌ನನ್ನು ಕಂಡು ಬೆರಗಾಗಿದ್ದ ಅದೇ ಜೋಸೆಫ್ ರೀಡ್. ಮೂಲ ಪತ್ರಗಳು ಕೈಗೆ ಸಿಗದ ಕಾರಣ ಸಿಪಾಯಿಗಳ ಪ್ರಮಾಣವನ್ನೇ ನಂಬಿ ಅರ್ಧಕ್ಕಿಂತ ಹೆಚ್ಚು ಜನರನ್ನು ಬಿಡುಗಡೆ ಮಾಡಿದರು. ಪತ್ರಗಳು ಬಂದು ನೋಡುವ ಹೊತ್ತಿಗೆ ಹಲವರು ಯುದ್ಧ ಮುಗಿಯುವವರೆಗೆಂದೇ ಸಹಿ ಹಾಕಿದ್ದು ಕಂಡಿತು. ಆ ದಂಗೆಕೋರರಷ್ಟು ಶಿಸ್ತಿನ ಸಿಪಾಯಿಗಳು ಆ ಯುದ್ಧದಲ್ಲಿ ಅಪರೂಪ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಅದೇ ತಿಂಗಳು ನ್ಯೂ ಜೆರ್ಸಿ ಪಡೆಯೂ ಎದ್ದಾಗ ವಾಷಿಂಗ್ಟನ್ ಸಂಧಾನ ಮಾಡಲಿಲ್ಲ. ಜನರಲ್ ರಾಬರ್ಟ್ ಹೌ ಹಿಮ ತುಳಿದು ಹೋಗಿ ಜನವರಿ 27ರ ನಸುಕಿನಲ್ಲಿ ಪಾಂಪ್ಟನ್ ಬೀಡನ್ನು ಸುತ್ತುವರಿದ. ಮುಖಂಡರೆಂದು ಮೂವರನ್ನು ಎಳೆದು ನಿಲ್ಲಿಸಿ ಅಲ್ಲೇ ವಿಚಾರಣೆ. ಒಬ್ಬನಿಗೆ ಕ್ಷಮೆ, ಇಬ್ಬರು ಸಾರ್ಜೆಂಟರಿಗೆ ಗುಂಡು. ಗುಂಡು ಹಾರಿಸಲು ಆರಿಸಿದ್ದು ದಂಗೆಯಲ್ಲಿ ಮುಂದಿದ್ದ ಹನ್ನೆರಡು ಜನರನ್ನೇ. ಬಂದೂಕು ತುಂಬಿ ಎಂದಾಗ ಕೆಲವರು ಅಳುತ್ತಿದ್ದರು ಎಂದು ಅಲ್ಲೇ ಇದ್ದ ಥ್ಯಾಚರ್ ಬರೆಯುತ್ತಾನೆ. ಆ ಹಿಮದಲ್ಲಿ ಸತ್ತವರು ಕೇಳಿದ್ದು ತಮಗೆ ಬರಬೇಕಾದ ಸಂಬಳವನ್ನು.

ಆ ವರ್ಷದ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೈನ್ಯ ಈ ಸೈನ್ಯಕ್ಕೂ ಫ್ರೆಂಚರಿಗೂ ಶರಣಾಯಿತು. ಶರಣಾದ ಸೈನ್ಯದ ನಾಯಕ ಚಾರ್ಲ್ಸ್ ಕಾರ್ನ್‌ವಾಲಿಸ್, ಹತ್ತೇ ವರ್ಷದಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಕರೆದೊಯ್ದ ಅದೇ ಕಾರ್ನ್‌ವಾಲಿಸ್. ಮೈಸೂರಿನ ಹೆಸರು ಅಲ್ಲಿಯವರ ಕಿವಿಗೂ ಬಿದ್ದಿತ್ತು. 1782ರ ಏಪ್ರಿಲ್‌ನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿದ ಪೆನ್ಸಿಲ್ವೇನಿಯದ ಹಡಗಿಗೆ ಹೈದರ್ ಅಲಿ ಎಂದೇ ಹೆಸರಿಟ್ಟಿದ್ದರು.

1783ರ ಜೂನ್‌ನಲ್ಲಿ ಸಿಪಾಯಿಗಳನ್ನು ಸದ್ದಿಲ್ಲದೆ ಮನೆಗೆ ಕಳಿಸಿದರು. ಬಂದೂಕನ್ನು ಅವರಿಗೇ ಬಿಟ್ಟುಕೊಟ್ಟರು, ಮೂರು ತಿಂಗಳ ಸಂಬಳಕ್ಕೆ ಚೀಟಿ ಬರೆದುಕೊಟ್ಟರು. ಎಷ್ಟೋ ಜನ ದಾರಿಖರ್ಚಿಗೆಂದು ಆ ಚೀಟಿಯನ್ನು ಸಿಕ್ಕಷ್ಟಕ್ಕೆ ಮಾರಿಕೊಂಡರು. ದಂಡನಾಯಕನ ಕಾಗದಪತ್ರಗಳನ್ನು ಮಾತ್ರ ರಿಚರ್ಡ್ ವೇರಿಕ್ ಎಂಬ ಅಧಿಕಾರಿ ಗುಮಾಸ್ತರನ್ನು ಇಟ್ಟುಕೊಂಡು ಎರಡು ವರ್ಷಕ್ಕೂ ಮಿಕ್ಕಿ ನಕಲು ಮಾಡಿಸಿ 44 ದೊಡ್ಡ ಸಂಪುಟಗಳಲ್ಲಿ ಕಟ್ಟಿಸಿದ. ಸಿಪಾಯಿಗಳ ಹಾಜರಿ ಪಟ್ಟಿಗಳಿಗೆ ಆ ಭಾಗ್ಯ ಇರಲಿಲ್ಲ. 1800ರ ನವೆಂಬರ್ 8ರಂದು ವಾಷಿಂಗ್ಟನ್ ನಗರದ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಅಲ್ಲಿದ್ದ ದಾಖಲೆಗಳು ಸುಟ್ಟುಹೋದವು.

ಪಿಂಚಣಿ ಕಾನೂನು ಬಂದದ್ದು 1818ರಲ್ಲಿ, ಬಡವರಾದ ಹಳೆಯ ಸಿಪಾಯಿಗಳಿಗೆ ತಿಂಗಳಿಗೆ ಎಂಟು ಡಾಲರ್. ಕಾಗದ ಇಲ್ಲದವರು ಕೋರ್ಟಿಗೆ ಬಂದು ಪ್ರಮಾಣ ಮಾಡಿ ಕ್ಯಾಪ್ಟನ್‌ನ ಹೆಸರು, ರೆಜಿಮೆಂಟು, ನಡೆದ ದಾರಿಗಳನ್ನು ನೆನಪಿನಿಂದ ಹೇಳಬೇಕಾಯಿತು. ಒಂದು ಚಮಚ ವಿನೆಗರ್ ಹಬ್ಬದೂಟ ಉಂಡ ಜೋಸೆಫ್ ಪ್ಲಂಬ್ ಮಾರ್ಟಿನ್ ಹಾಗೆ ಬಂದವರಲ್ಲಿ ಒಬ್ಬ. ಅವನು ಕೋರ್ಟಿಗೆ ಕೊಟ್ಟ ಆಸ್ತಿಯ ಪಟ್ಟಿಯಲ್ಲಿ ಹಾಸಿಗೆ ಬಟ್ಟೆ ಬಿಟ್ಟರೆ ಇದ್ದದ್ದು ಎರಡು ಹಸು, ಆರು ಕುರಿ, ಒಂದು ಹಂದಿ. ಅವನಿಗೆ ವರ್ಷಕ್ಕೆ 96 ಡಾಲರ್ ಪಿಂಚಣಿ ಮಂಜೂರಾಯಿತು.